ಮುಟ್ಟಿಗೆ ಮುಂಚೆ ಬರುವ ಎದೆ ನೋವು: ಎಣ್ಣೆ ಇಳಿಸಿ, ಅಗಸಿ ತಿನ್ನಿ

ಮುಂಬೈ ಹತ್ತಿರದ ಡೊಂಬಿವ್ಲಿಯಿಂದ ಬೆಳಗಿನ ಫಾಸ್ಟ್ ಲೋಕಲ್‌ನಲ್ಲಿ ಲೇಡೀಸ್ ಡಬ್ಬಿ ಹತ್ತಿದವರಿಗೆ ನಾನು ಹೇಳುವುದು ಬೇಗ ಅರ್ಥವಾಗುತ್ತದೆ. ಮುಟ್ಟಿಗೆ ಇನ್ನೂ ವಾರ ಇರುತ್ತದೆ. ಎದೆ ಕಲ್ಲಿನ ಹಾಗೆ ಬಿಗಿದಿರುತ್ತದೆ, ಯಾರದೋ ಮೊಣಕೈ ತಾಗಿದರೆ ಸಾಕು, ಕಣ್ಣಲ್ಲಿ ನೀರು. ಪರ್ಸನ್ನು ಎದೆಗೆ ಅಡ್ಡ ಹಿಡಿದುಕೊಂಡು ದಾದರ್ ತನಕ ನಿಂತೇ ಹೋಗುವ ಹುಡುಗಿಯರನ್ನು ಎಷ್ಟು ನೋಡಿದ್ದೇನೋ. ಇಪ್ಪತ್ತೆಂಟು ವರ್ಷ ನಾನೂ ಹಾಗೇ ನಿಂತು ಕೆಲಸಕ್ಕೆ ಹೋದವಳು.

ಎದೆ ನೋವು ಅಂದರೆ ಮನೆಯವರು ಹಾರ್ಟ್ ಅಂತ ಗಾಬರಿಯಾಗುತ್ತಾರೆ. ಮೊಲೆ ನೋವು ಅನ್ನಲು ನಮಗೆ ನಾಚಿಕೆ. ಹೀಗಾಗಿ ಯಾರಿಗೂ ಹೇಳದೆ ಸುಮ್ನೆ ಇದ್ದುಬಿಡುತ್ತೇವೆ. ನಾನು ಒಮ್ಮೆ ಧೈರ್ಯ ಮಾಡಿ ಡಾಕ್ಟರ್ ಹತ್ತಿರ ಹೇಳಿದ್ದಕ್ಕೆ, ಮಕ್ಕಳಾದ ಮೇಲೆ ಹೋಗುತ್ತದೆ ಅಂದು ಕಳಿಸಿದರು. ಎರಡು ಮಕ್ಕಳಾದವು, ನೋವು ಹೋಗಲಿಲ್ಲ. ಈಗ ಸೊಸೆಗೂ ಅದೇ ಕಾಟ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನೋವಿಗೆ ಲೆಕ್ಕ ಇಡಿ. ಅಡುಗೆಮನೆ ಗೋಡೆಗೆ ಕಾಲನಿರ್ಣಯ ಕ್ಯಾಲೆಂಡರ್ ಇರುತ್ತದಲ್ವಾ, ಹಾಲಿನ ಲೆಕ್ಕ ಬರೆಯುವ ಜಾಗದಲ್ಲೇ ದಿನಾ ಒಂದು ಅಂಕಿ ಹಾಕಿ. ನೋವಿಲ್ಲ ಅಂದರೆ 0, ತಡೆಯಲಾರೆ ಅಂದರೆ 10. ಮುಟ್ಟಾದ ದಿನಕ್ಕೆ ಒಂದು ಸುತ್ತು. ಎರಡು ತಿಂಗಳು ಬರೆದರೆ ಚಿತ್ರ ಕಾಣುತ್ತದೆ. ಮುಟ್ಟಿಗೆ ಒಂದೆರಡು ವಾರ ಮುಂಚೆ ಏರಿ, ಮುಟ್ಟು ಶುರುವಾದ ಮೇಲೆ ಇಳಿದರೆ ಅದು ಹಾರ್ಮೋನಿನ ನೋವು. ಸಾಮಾನ್ಯವಾಗಿ ಎರಡೂ ಕಡೆ ಇರುತ್ತದೆ, ಭಾರ ಅನಿಸುತ್ತದೆ, ಕೆಲವರಿಗೆ ಕಂಕುಳ ತನಕ ಎಳೆಯುತ್ತದೆ. ಈಸ್ಟ್ರೋಜನ್, ಪ್ರೊಜೆಸ್ಟರಾನ್ ಅನ್ನುವ ಹೆಣ್ಣು ಹಾರ್ಮೋನುಗಳ ಏರುಪೇರಿಗೆ ಮೊಲೆಯೊಳಗಿನ ಗ್ರಂಥಿಗಳು ಉಬ್ಬುತ್ತವೆ, ನೀರು ಹಿಡಿಯುತ್ತವೆ. ನಲವತ್ತು ದಾಟಿ ಮುಟ್ಟು ಹಿಂದುಮುಂದಾಗುವ ಕಾಲದಲ್ಲಿ ಇದು ಇನ್ನೂ ಜಾಸ್ತಿ ಆಗಬಹುದು.

ಊಟದಲ್ಲಿ ನಾನು ಮೊದಲು ಕೈ ಹಾಕಿದ್ದು ಎಣ್ಣೆ ಡಬ್ಬಕ್ಕೆ. ಕೆನಡಾದ ವೈದ್ಯರು 1988ರಲ್ಲಿ ಒಂದು ಪ್ರಯೋಗ ಪ್ರಕಟಿಸಿದ್ದರು. ವರ್ಷಗಟ್ಟಲೆ ಇದೇ ನೋವು ತಿಂದ 21 ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರ ಊಟದ ಕ್ಯಾಲರಿಯಲ್ಲಿ ಕೊಬ್ಬಿನ ಪಾಲನ್ನು 15 ಶೇಕಡಾಕ್ಕೆ ಇಳಿಸಿದರು. ಆರು ತಿಂಗಳಲ್ಲಿ ಅವರ ಬಾವು, ನೋವು ಎರಡೂ ಕಡಿಮೆಯಾದವು. ಚಿಕ್ಕ ಪ್ರಯೋಗ, ನಿಜ. ಆದರೆ ಎಣ್ಣೆ ಕಡಿಮೆ ಮಾಡಿದರೆ ಕಳೆದುಕೊಳ್ಳುವುದು ಏನೂ ಇಲ್ಲ. ಅಷ್ಟು ಕಡಿಮೆ ನಮ್ಮ ಅಡುಗೆಯಲ್ಲಿ ಕಷ್ಟ, ಹಾಗಾಗಿ ನಾನು ಒಂದು ಅಳತೆ ಇಟ್ಟುಕೊಂಡೆ. ತಲೆಗೆ ತಿಂಗಳಿಗೆ ಅರ್ಧ ಲೀಟರ್. ದಿನಕ್ಕೆ ಸುಮಾರು ಮೂರು ಟೀ ಚಮಚ ಬರುತ್ತದೆ. ನಾಲ್ಕು ಜನಕ್ಕೆ ಎರಡು ಲೀಟರ್ ತಂದು, ತಿಂಗಳ ನಡುವೆ ಮುಗಿದರೂ ಮತ್ತೆ ತರುವುದಿಲ್ಲ ಅಂತ ಹಟ ಹಿಡಿದೆ. ಮೊದಲ ತಿಂಗಳು 22ನೇ ತಾರೀಕಿಗೇ ಖಾಲಿ! ಆಗಲೇ ಗೊತ್ತಾಗಿದ್ದು ಎಷ್ಟು ಸುರಿಯುತ್ತಿದ್ದೆ ಅಂತ. ಈ ಊರಲ್ಲಿ ಮನೆ ಎಣ್ಣೆಗಿಂತ ಹೊರಗಿನದ್ದೇ ಜಾಸ್ತಿ. ಸ್ಟೇಷನ್ನಿನಿಂದ ಇಳಿದ ಕೂಡಲೇ ವಡಾಪಾವ್, ಆಫೀಸಿನಲ್ಲಿ ಫರಸಾಣ ಅನ್ನುವ ಕರಿದ ಕುರುಕು, ಭಾನುವಾರ ಬೆಣ್ಣೆ ತೇಲುವ ಪಾವ್‌ಭಾಜಿ. ಇವನ್ನು ಪೂರ್ತಿ ಬಿಡಿ ಅನ್ನುವುದಿಲ್ಲ, ಮುಟ್ಟಿಗೆ ಮುಂಚಿನ ಎರಡು ವಾರವಂತೂ ದೂರ ಇಡಿ. ಹಸಿವಾದರೆ ಹುರಿದ ಕಡಲೆ, ಒಂದು ಪೇರಲ. ಇಷ್ಟು ಪರ್ಸಿನಲ್ಲಿ ಹಿಡಿಯುತ್ತದೆ.

ಇನ್ನು ಅಗಸಿ. ನಮ್ಮ ಧಾರವಾಡದ ಕಡೆ ಅಗಸಿ ಚಟ್ನಿ ಇಲ್ಲದ ಮನೆ ಇಲ್ಲ, ಇಲ್ಲಿ ಮರಾಠಿಯವರು ಜವಸ್ ಅನ್ನುತ್ತಾರೆ, ಯಾವ ಕಿರಾಣಿ ಅಂಗಡಿಯಲ್ಲಿ ಕೇಳಿದರೂ ಸಿಗುತ್ತದೆ. ಇದರಲ್ಲಿ ಲಿಗ್ನಾನ್ ಅನ್ನುವ ಅಂಶ ಇದೆ. ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಬದಲಿಸಿ, ಈಸ್ಟ್ರೋಜನ್ನಿನ ಹಾಗೇ ಆದರೆ ತೀರ ಮೆತ್ತಗೆ ಕೆಲಸ ಮಾಡುವ ವಸ್ತು ಮಾಡಿಕೊಳ್ಳುತ್ತವೆ. ಕೆನಡಾದ ಹೆರಿಗೆ ಮತ್ತು ಸ್ತ್ರೀರೋಗ ತಜ್ಞರ ಸಂಘ 2006ರಲ್ಲೇ, ಇಂಥ ನೋವಿಗೆ ಮೊದಲು ಕೊಟ್ಟು ನೋಡಬೇಕಾದದ್ದು ಅಗಸಿ ಅಂತ ಹೇಳಿತ್ತು. ದಿನಕ್ಕೆ 25 ಗ್ರಾಂ, ಪುಡಿ ಮಾಡಿದರೆ ಸುಮಾರು ಮೂರೂವರೆ ದೊಡ್ಡ ಚಮಚ. ಇಡಿ ಬೀಜ ನುಂಗಬೇಡಿ, ಹಾಗೇ ಹೊರಗೆ ಹೋಗುತ್ತದೆ. ಸಣ್ಣ ಉರಿಯಲ್ಲಿ ಚಟಪಟ ಅನ್ನುವ ತನಕ ಹುರಿದು, ಆರಿಸಿ, ಪುಡಿ ಮಾಡಿ. ಮುಂಬೈ ಮಳೆಗಾಲದ ತೇವಕ್ಕೆ ಪುಡಿ ಬೇಗ ಕಮಟು ವಾಸನೆ ಬರುತ್ತದೆ, ಹಾಗಾಗಿ ಒಂದು ವಾರಕ್ಕಾಗುವಷ್ಟೇ ಮಾಡಿ ಫ್ರಿಜ್‌ನಲ್ಲಿಡಿ.

25 ಗ್ರಾಂ ಪೂರ್ತಿ ಚಟ್ನಿಯಾಗಿ ತಿಂದರೆ ಖಾರ, ಉಪ್ಪು ಎರಡೂ ಅತಿಯಾಗುತ್ತದೆ. ನಾನು ಪಾಲು ಮಾಡುತ್ತೇನೆ. ಒಂದು ಚಮಚ ಬರೀ ಪುಡಿ ಬೆಳಗ್ಗೆ ಮೊಸರಿಗೆ, ಒಂದೂವರೆ ಚಮಚ ಜೋಳದ ರೊಟ್ಟಿ ಹಿಟ್ಟಿಗೆ, ಉಳಿದದ್ದು ಚಟ್ನಿ. ಚಟ್ನಿಗೆ ಒಂದು ಬಟ್ಟಲು ಅಗಸಿ, ಆರು ಬ್ಯಾಡಗಿ ಮೆಣಸಿನಕಾಯಿ, ಐದಾರು ಎಸಳು ಬೆಳ್ಳುಳ್ಳಿ, ಜೀರಿಗೆ, ಚೂರು ಹುಣಸೆಹಣ್ಣು, ಉಪ್ಪು ಎಂದಿನದರ ಅರ್ಧ. ಶುರುವಿನಲ್ಲಿ ದಿನಕ್ಕೆ ಒಂದೇ ಚಮಚ ತಿಂದು, ವಾರ ವಾರಕ್ಕೆ ಏರಿಸಿ, ಇಲ್ಲಾಂದರೆ ಹೊಟ್ಟೆ ಉಬ್ಬುತ್ತದೆ. ನೀರು ಜಾಸ್ತಿ ಕುಡಿಯಿರಿ. ಬಸುರಿಯರು, ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಇಷ್ಟು ತಿನ್ನಬೇಡಿ.

ಜೋಳ, ರಾಗಿ, ಸೊಪ್ಪು, ಕಾಳು ಇವೂ ತಟ್ಟೆಯಲ್ಲಿರಲಿ. ಲಿವರ್ ಕರುಳಿಗೆ ಬಿಟ್ಟ ಈಸ್ಟ್ರೋಜನ್ ಸ್ವಲ್ಪ ಭಾಗ ನಾರಿನ ಜೊತೆ ಹೊರಗೆ ಹೋಗುತ್ತದೆ. ಮಲ ಕಟ್ಟಿಕೊಂಡಿದ್ದರೆ ಮತ್ತೆ ರಕ್ತಕ್ಕೆ ಸೇರಿಕೊಳ್ಳುತ್ತದೆ.

ಕಾಫಿ ವಿಷಯ ಹೇಳಿದರೆ ಸೊಸೆಗೆ ಸಿಟ್ಟು. ಫಿಲ್ಟರ್ ಕಾಫಿ ಬಿಟ್ಟರೆ ನೋವು ಹೋಗುತ್ತದೆ ಅಂತ ಖಚಿತವಾಗಿ ಹೇಳಲು ಆಗುವುದಿಲ್ಲ, ಪ್ರಯೋಗಗಳಲ್ಲಿ ಕೆಲವು ಹೌದು ಅಂದಿವೆ, ಕೆಲವು ಇಲ್ಲ ಅಂದಿವೆ. ಎರಡು ತಿಂಗಳು ಕಡಿಮೆ ಮಾಡಿ, ಗೋಡೆಯ ಅಂಕಿ ಇಳಿಯಿತಾ ನೋಡಿ. ಒಂದೇ ದಿನ ನಿಲ್ಲಿಸಿದರೆ ತಲೆ ಸಿಡಿಯುತ್ತದೆ. ದಿನಕ್ಕೆ ನಾಲ್ಕು ಕುಡಿಯುವವರು ವಾರಕ್ಕೊಂದು ಲೋಟ ಬಿಡುತ್ತ ಬನ್ನಿ. ಕಟಿಂಗ್ ಚಹಾ, ಕೋಲಾ ಇವನ್ನೂ ಲೆಕ್ಕಕ್ಕೆ ಹಿಡಿಯಿರಿ. ಉಪ್ಪಿನಕಾಯಿ, ಹಪ್ಪಳ ಆ ದಿನಗಳಲ್ಲಿ ಬಿಟ್ಟರೆ ಮೈ ಉಬ್ಬುವುದು ಕೆಲವರಿಗೆ ಕಡಿಮೆ ಅನಿಸುತ್ತದೆ.

ಮಾತ್ರೆಗಳ ಬಗ್ಗೆ ಒಂದು ಮಾತು. ಈವ್ನಿಂಗ್ ಪ್ರಿಮ್‌ರೋಸ್ ಅನ್ನುವ ಹೂಗಿಡದ ಬೀಜದ ಎಣ್ಣೆಯ ಕ್ಯಾಪ್ಸೂಲನ್ನು ಈ ನೋವಿಗೆ ಈಗಲೂ ಬರೆದುಕೊಡುತ್ತಾರೆ. ಆದರೆ ಸಾಕಷ್ಟು ಗುಣ ಕಾಣಲಿಲ್ಲ ಅಂತ ಬ್ರಿಟನ್‌ನಲ್ಲಿ 2002ರಲ್ಲೇ ಅದರ ಔಷಧ ಲೈಸೆನ್ಸ್ ವಾಪಸ್ ತೆಗೆದರು. ವಿಟಮಿನ್ ಬಿ6 ಮಾತ್ರೆ ನೀವೇ ತಂದು ತಿಂಗಳುಗಟ್ಟಲೆ ನುಂಗಬೇಡಿ, ಡೋಸ್ ಜಾಸ್ತಿಯಾದರೆ ಕೈಕಾಲಿನ ನರ ಹಾಳಾಗಬಹುದು. ಗರ್ಭ ತಡೆಯುವ ಮಾತ್ರೆ ಶುರು ಮಾಡಿದ ಮೇಲೆ ನೋವು ಬಂದಿದ್ದರೆ ಅದನ್ನು ಡಾಕ್ಟರಿಗೆ ಹೇಳಿ. ಬ್ರಾ ಅಳತೆಯನ್ನೂ ಮತ್ತೊಮ್ಮೆ ತಗೊಳ್ಳಿ, ಮುಟ್ಟಿಗೆ ಮುಂಚೆ ಉಬ್ಬುವುದರಿಂದ ಒಂದು ಸೈಜ್ ದೊಡ್ಡದು ಬೇಕಾಗಬಹುದು. ಗಟ್ಟಿ ಆಧಾರ ಕೊಟ್ಟರೆ ಲೋಕಲ್‌ನ ಕುಲುಕಾಟದಲ್ಲೂ ಎಷ್ಟೋ ಹಾಯೆನಿಸುತ್ತದೆ.

ಊಟ ಬದಲಿಸಿದ ವಾರಕ್ಕೇ ಏನೂ ಆಗುವುದಿಲ್ಲ, ಮೂರು ಮುಟ್ಟು ಕಾಯಿರಿ. ಸೊಸೆಯ ಅಂಕಿ 8ರಿಂದ 4ಕ್ಕೆ ಬರಲು ನಾಲ್ಕು ತಿಂಗಳು ಹಿಡಿಯಿತು. ಆದರೆ ಇವಕ್ಕೆ ಮಾತ್ರ ಕಾಯಬೇಡಿ: ಮುಟ್ಟು ಮುಗಿದರೂ ಕರಗದ ಗಂಟು, ಒಂದೇ ಜಾಗದಲ್ಲಿ ಬಿಡದೆ ಇರುವ ನೋವು, ಮೊಲೆತೊಟ್ಟಿನಿಂದ ರಕ್ತ, ತೊಟ್ಟು ಒಳಗೆ ಎಳೆದುಕೊಳ್ಳುವುದು, ಚರ್ಮ ಕಿತ್ತಳೆ ಸಿಪ್ಪೆಯ ಹಾಗಾಗುವುದು, ಮುಟ್ಟು ನಿಂತ ಮೇಲೆ ಹೊಸದಾಗಿ ಶುರುವಾದ ನೋವು. ಬರೀ ನೋವಿದ್ದರೆ ಕ್ಯಾನ್ಸರ್ ಆಗಿರುವುದು ಅಪರೂಪ, ಆದರೆ ಇವು ಕಂಡರೆ ಅದೇ ವಾರ ತೋರಿಸಿ. ಎದೆ ಹಿಂಡಿದಂತಾಗಿ ಬೆವರು, ಕೈಗೆ ಎಳೆತ ಬಂದರೆ ಗ್ಯಾಸ್ ಅಂತ ಜೀರಿಗೆ ನೀರು ಕುಡಿಯುತ್ತ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಡಾಕ್ಟರ್ ಹತ್ತಿರ ಹೋಗುವಾಗ ಗೋಡೆಯ ಆ ಹಾಳೆಯ ಫೋಟೋ ಮೊಬೈಲಿನಲ್ಲಿರಲಿ. ಬಾಯಿಬಿಟ್ಟು ಹೇಳಲು ನಾಚಿಕೆಯಾದರೆ ಅದನ್ನೇ ತೋರಿಸಿ.