ನೋಟ್‌ಬುಕ್‌ನಲ್ಲಿ ಡೇಟಾ ಅನಾಲಿಸಿಸ್ ಶುರು ಮಾಡೋದು ಹೇಗೆ? ಮೊದಲು ಸೆಲ್‌ಗಳ ಕ್ರಮ ನೋಡ್ಕೊಳ್ಳಿ

"ನಿನ್ನೆ ಸರಿಯಾಗೇ ಉತ್ತರ ಬಂದಿತ್ತು, ಇವತ್ತು ಅದೇ ನೋಟ್‌ಬುಕ್ ಓಪನ್ ಮಾಡಿದ್ರೆ ಬರೀ ಎರರ್." ಜುಪಿಟರ್ ನೋಟ್‌ಬುಕ್ (ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ಕೋಡ್, ಅದರ ಉತ್ತರ ಎರಡನ್ನೂ ಒಂದೇ ಪುಟದಲ್ಲಿ ತೋರಿಸೋ ಸಾಧನ) ಕಲಿಯೋಕೆ ಶುರು ಮಾಡಿದ ತುಂಬಾ ಜನ ಒಂದಲ್ಲ ಒಂದು ದಿನ ಈ ಮಾತು ಹೇಳ್ತಾರೆ, ಆಮೇಲೆ ಪೈಥಾನ್ ನಮಗೆ ಹತ್ತಲ್ಲ ಅಂತ ಬಿಟ್ಟುಬಿಡ್ತಾರೆ. ಪೈಥಾನ್ ಅಷ್ಟೇನೂ ಕಷ್ಟ ಇಲ್ಲ. ಯಾವ ಸೆಲ್ (ಕೋಡ್ ಬರೆಯೋ ಒಂದೊಂದು ಚೌಕ) ಯಾವಾಗ ಓಡ್ತು ಅಂತ ಗಮನ ಇಡೋದನ್ನ ಯಾರೂ ಹೇಳಿಕೊಟ್ಟಿರಲ್ಲ ಅಷ್ಟೆ.

ಸ್ಟೆಪ್ 1: ಬ್ರೌಸರ್‌ನಲ್ಲಿ ಗೂಗಲ್ ಕೊಲ್ಯಾಬ್ (ಏನೂ ಇನ್‌ಸ್ಟಾಲ್ ಮಾಡದೆ ಬ್ರೌಸರ್‌ನಲ್ಲೇ ಬಳಸೋ ನೋಟ್‌ಬುಕ್) ತೆಗೀರಿ, ಜಿಮೇಲ್ ಅಕೌಂಟ್‌ನಿಂದ ಲಾಗಿನ್ ಆಗಿ, ಹೊಸ ನೋಟ್‌ಬುಕ್ ಅಂತ ಒತ್ತಿ. ಮುಗೀತು. ಕಡಿಮೆ ರ‍್ಯಾಮ್ ಇರೋ ಹಳೇ ಲ್ಯಾಪ್‌ಟಾಪ್‌ಗೆ ಮೊದಲ ದಿನಾನೇ ಪೂರ್ತಿ ಅನಕೊಂಡಾ (ಪೈಥಾನ್ ಜೊತೆ ಬೇಕಾದ ಸಾಧನಗಳೆಲ್ಲ ಇರೋ ದೊಡ್ಡ ಪ್ಯಾಕೇಜ್) ಹಾಕೋಕೆ ಹೋಗ್ಬೇಡಿ, ಇನ್‌ಸ್ಟಾಲ್ ಆಗೋ ಅಷ್ಟರಲ್ಲಿ ಕಲಿಯೋ ಹುಮ್ಮಸ್ಸೇ ಇಳಿದುಹೋಗುತ್ತೆ. ಸಾವಿರಾರು ರೂಪಾಯಿ ತಗೊಂಡು ಎರಡು ವೀಕೆಂಡ್‌ನಲ್ಲಿ ಡೇಟಾ ಸೈಂಟಿಸ್ಟ್ ಮಾಡ್ತೀವಿ ಅನ್ನೋ ಕೋರ್ಸ್‌ಗಳೂ ಈಗ ಬೇಡ, ಇಲ್ಲಿ ಬೇಕಾಗಿರೋದೆಲ್ಲ ಫ್ರೀ.

ಸ್ಟೆಪ್ 2: ಡೇಟಾ. ಕೋರ್ಸ್‌ಗಳಲ್ಲಿ ಕೊಡೋ ಟೈಟಾನಿಕ್ ಹಡಗಿನ ಪ್ರಯಾಣಿಕರ ಪಟ್ಟಿ ಬಿಟ್ಟು ನಿಮಗೆ ಅರ್ಥ ಆಗೋ ಡೇಟಾನೇ ತಗೊಳ್ಳಿ, ಯಾಕಂದ್ರೆ ಉತ್ತರ ತಪ್ಪಾಗಿದ್ರೆ ನೋಡಿದ ಕೂಡ್ಲೇ ಗೊತ್ತಾಗಬೇಕು. ಕೋಲಾರ ಎಪಿಎಂಸಿ ಟೊಮೆಟೊ ದರ ಒಳ್ಳೇ ಉದಾಹರಣೆ, ಕೇಂದ್ರ ಸರ್ಕಾರದ ಆಗ್‌ಮಾರ್ಕ್‌ನೆಟ್ ಸೈಟಲ್ಲಿ ಸಿಗುತ್ತೆ, ಕನಿಷ್ಠ, ಗರಿಷ್ಠ, ಮೋಡಲ್ (ಹೆಚ್ಚಿನ ವ್ಯಾಪಾರ ನಡೆದ ದರ) ಅಂತ ಮೂರು ದರ, ಎಲ್ಲಾ ಕ್ವಿಂಟಾಲ್ ಲೆಕ್ಕದಲ್ಲಿ. ಎಕ್ಸೆಲ್‌ನಿಂದ ಸೇವ್ ಮಾಡುವಾಗ 'ಸಿಎಸ್‌ವಿ ಯುಟಿಎಫ್-8' ಅನ್ನೋದನ್ನೇ ಆರಿಸಿ (ಸಿಎಸ್‌ವಿ ಅಂದ್ರೆ ಕಾಮಾದಿಂದ ಬೇರ್ಪಡಿಸಿದ ಸಾದಾ ಪಟ್ಟಿ ಫೈಲ್), ಬರೀ 'ಸಿಎಸ್‌ವಿ' ಅಂತ ಕೊಟ್ರೆ ಕನ್ನಡ ಅಕ್ಷರ ಇದ್ದ ಕಡೆಯೆಲ್ಲ ಪ್ರಶ್ನಾರ್ಥಕ ಚಿಹ್ನೆ ಆಗಿಬಿಡುತ್ತೆ, ಮತ್ತೆ ವಾಪಸ್ ಬರಲ್ಲ. ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲಾದ್ರೆ ಮೊದಲು ಯೂನಿಕೋಡ್‌ಗೆ ಬದಲಾಯಿಸ್ಕೊಳ್ಳಿ.

ಫೈಲನ್ನ ಕೊಲ್ಯಾಬ್‌ನ ಎಡಗಡೆ ಫೋಲ್ಡರ್ ಐಕಾನ್‌ನಲ್ಲಿ ಅಪ್‌ಲೋಡ್ ಮಾಡ್ಬಹುದು, ಆದ್ರೆ ಸೆಷನ್ ಮುಗಿದ್ರೆ ಅದು ಅಳಿಸಿಹೋಗುತ್ತೆ. ಗೂಗಲ್ ಡ್ರೈವ್‌ನಲ್ಲಿಟ್ಟು ಅಲ್ಲಿಂದ ಮೌಂಟ್ ಮಾಡೋದೇ (ಅಂದ್ರೆ ಡ್ರೈವ್‌ನ ಕೊಲ್ಯಾಬ್‌ಗೆ ಜೋಡಿಸೋದೇ) ಸರಿ.

ಸ್ಟೆಪ್ 3: ಮೊದಲ ಸೆಲ್‌ನಲ್ಲಿ ಪಾಂಡಾಸ್ (ಪಟ್ಟಿ ರೂಪದ ಡೇಟಾ ನೋಡ್ಕೊಳ್ಳೋ ಪೈಥಾನ್ ಲೈಬ್ರರಿ) ಇಂಪೋರ್ಟ್, ಎರಡನೇದ್ರಲ್ಲಿ ಫೈಲ್ ಓದೋ ರೀಡ್ ಸಿಎಸ್‌ವಿ, ಪ್ರತಿ ಸೆಲ್ ಓಡಿಸೋಕೂ ಶಿಫ್ಟ್ ಎಂಟರ್. ದರ 1,800 ಅಂತ ಕಾಮಾ ಹಾಕಿ ಬರ್ದಿದ್ರೆ ಪಾಂಡಾಸ್ ಅದನ್ನ ಸಂಖ್ಯೆ ಅಂತ ತಿಳಿಯಲ್ಲ, ಅಕ್ಷರ ಅಂದ್ಕೊಳ್ಳುತ್ತೆ, ಅದಕ್ಕೆ ಓದುವಾಗ್ಲೇ ಥೌಸಂಡ್ಸ್ ಅನ್ನೋ ಆಪ್ಷನ್‌ಗೆ ಕಾಮಾ ಕೊಡಿ. ತಾರೀಖಿನ ಕಾಲಮ್‌ನ ಪಾರ್ಸ್ ಡೇಟ್ಸ್‌ಗೆ ಕೊಟ್ಟು ಜೊತೆಗೆ ಡೇಫರ್ಸ್ಟ್ ಟ್ರೂ ಕೊಡ್ಲೇಬೇಕು, ಇಲ್ಲಾಂದ್ರೆ ನಮ್ಮ 05/06 ಅಂದ್ರೆ ಜೂನ್ 5, ಪಾಂಡಾಸ್ ಅದನ್ನ ಮೇ 6 ಅಂತ ಓದಿ ಸುಮ್ನಿರಬಹುದು, ಎಷ್ಟೋ ಸಲ ಎರರ್ ಕೂಡ ಬರಲ್ಲ.

ಸ್ಟೆಪ್ 4, ಎಲ್ಲರೂ ಎಡವೋ ಜಾಗ. ಇಲ್ಲಿ ನಿಧಾನಕ್ಕೆ ಓದಿ.

ಪರದೆ ಮೇಲೆ ಸೆಲ್‌ಗಳು ಮೇಲಿಂದ ಕೆಳಗೆ ಇರ್ತವೆ. ಆದ್ರೆ ಹಿಂದೆ ಕೂತು ಕೋಡ್ ಓಡಿಸೋ ಕರ್ನಲ್ ನೀವು ಯಾವ ಕ್ರಮದಲ್ಲಿ ಒತ್ತಿದ್ರೋ ಆ ಕ್ರಮದಲ್ಲಿ ಮಾತ್ರ ನೆನಪಿಟ್ಕೊಳ್ಳುತ್ತೆ. ಕ್ವಿಂಟಾಲ್ ದರನ ಕೆಜಿಗೆ ತರೋಕೆ ದರದ ಕಾಲಮ್ಮನ್ನ 100ರಿಂದ ಭಾಗಿಸಿ ಅದೇ ಕಾಲಮ್‌ಗೆ ಹಾಕಿದ್ರಿ ಅನ್ಕೊಳ್ಳಿ. 1800 ಇದ್ದದ್ದು 18 ಆಯ್ತು, ಸರಿ. ಕೆಳಗೆ ಏನೋ ತಿದ್ದಿ ಮತ್ತೆ ಮೇಲೆ ಬಂದು ಅದೇ ಸೆಲ್ ಇನ್ನೊಂದ್ಸಲ ಒತ್ತಿದ್ರೆ ಟೊಮೆಟೊ ಕೆಜಿಗೆ 18 ಪೈಸೆ! ಸಾರಿಗೆ ಉಪ್ಪು ಹಾಕಿದ್ದು ಮರೆತು ಮತ್ತೆ ಹಾಕಿದ ಹಾಗೆ. ಕೋಡ್‌ನಲ್ಲಿ ಒಂದಕ್ಷರನೂ ತಪ್ಪಿಲ್ಲ, ಉತ್ತರ ಮಾತ್ರ ತಪ್ಪು. ಅದಕ್ಕೇ ಇದ್ದ ಕಾಲಮ್ ಮೇಲೆ ಯಾವತ್ತೂ ಬರೀಬೇಡಿ, 'ಕೆಜಿ ದರ' ಅಂತ ಹೊಸ ಕಾಲಮ್ ಮಾಡಿ, ಆಗ ಎಷ್ಟು ಸಲ ಒತ್ತಿದ್ರೂ 18 ರೂಪಾಯಿನೇ ಬರುತ್ತೆ.

ಇನ್ನೊಂದು ಇದೆ. ಸೆಲ್ ಡಿಲೀಟ್ ಮಾಡಿದ್ರೂ ಅದು ಹುಟ್ಟಿಸಿದ ವೇರಿಯಬಲ್ (ಹೆಸರಿಟ್ಟು ಇಟ್ಟುಕೊಂಡ ಮೌಲ್ಯ) ಮೆಮೊರಿಯಲ್ಲಿ ಹಾಗೇ ಉಳಿದಿರುತ್ತೆ, ಕೆಳಗಿನ ಕೋಡ್ ಅದನ್ನೇ ನಂಬ್ಕೊಂಡು ಓಡ್ತಾ ಇರುತ್ತೆ, ಮಾರನೇ ದಿನ ಹೊಸ ಸೆಷನ್‌ನಲ್ಲಿ ಆ ವೇರಿಯಬಲ್ ಎಲ್ಲೂ ಇರಲ್ಲ, ಆಗ ಬರೋದೇ ನೇಮ್ ಎರರ್, ಅಂದ್ರೆ ಈ ಹೆಸರು ನನಗೆ ಗೊತ್ತಿಲ್ಲ ಅನ್ನೋ ಎರರ್.

ಸೆಲ್ ಎಡಗಡೆ ಚೌಕ ಬ್ರಾಕೆಟ್ ಒಳಗೆ ಒಂದು ನಂಬರ್ ಬರುತ್ತೆ ನೋಡಿ, ಅದು ಎಷ್ಟನೇದಾಗಿ ಓಡ್ತು ಅನ್ನೋ ಲೆಕ್ಕ. ಮೇಲಿಂದ 1, 2, 3 ಅಂತ ಇದ್ರೆ ಸರಿ. 1, 7, 4 ಅಂತ ಕಂಡ್ರೆ ಅಲ್ಲಿಗೇ ನಿಲ್ಲಿಸಿ. ಕೊಲ್ಯಾಬ್‌ನ ರನ್‌ಟೈಮ್ ಮೆನುವಲ್ಲಿ, ಜುಪಿಟರ್ ಆದ್ರೆ ಕರ್ನಲ್ ಮೆನುವಲ್ಲಿ, ರೀಸ್ಟಾರ್ಟ್ ಮಾಡಿ ಎಲ್ಲಾ ಓಡಿಸೋ ಆಯ್ಕೆ ಇದೆ. ಯಾರಿಗಾದ್ರೂ ಒಂದು ಸರಾಸರಿ ಹೇಳೋ ಮುಂಚೆ, ಒಂದು ಗ್ರಾಫ್ ಕಳ್ಸೋ ಮುಂಚೆ ಅದನ್ನ ಒತ್ಲೇಬೇಕು. ಸಮಯ ಆಗುತ್ತೆ ಅಂತ ತಪ್ಪಿಸ್ಬೇಡಿ.

ಸ್ಟೆಪ್ 5: ತಿಂಗಳವಾರು ಸರಾಸರಿಗೆ ಪಾಂಡಾಸ್‌ನ ಗ್ರೂಪ್‌ಬೈ, ಗ್ರಾಫ್‌ಗೆ ಪ್ಲಾಟ್ ಅನ್ನೋ ಆಜ್ಞೆ ಬಳಸಿ. ಗ್ರಾಫ್‌ನಲ್ಲಿ ಕನ್ನಡ ಹೆಸರು ಬರೀ ಡಬ್ಬಿಗಳಾಗಿ ಕಂಡ್ರೆ ಫಾಂಟ್ ಸಮಸ್ಯೆ, ಗ್ರಾಫ್ ಬಿಡಿಸೋ ಮ್ಯಾಟ್‌ಪ್ಲಾಟ್‌ಲಿಬ್ ಲೈಬ್ರರಿ ತನ್ನ ಜೊತೆ ತರೋ ಫಾಂಟಲ್ಲಿ ಕನ್ನಡ ಇಲ್ಲ, ಸದ್ಯಕ್ಕೆ ಇಂಗ್ಲಿಷ್ ಲೇಬಲ್ ಹಾಕಿ ಮುಂದೆ ಹೋಗಿ.

ಬೇರೆಯವರಿಗೆ ಕೊಡುವಾಗ ಐಪಿವೈಎನ್‌ಬಿ ಫೈಲ್ (ನಿಮ್ಮ ನೋಟ್‌ಬುಕ್ ಸೇವ್ ಆಗೋ ಫೈಲ್) ಜೊತೆ ಸಿಎಸ್‌ವಿನೂ ಕೊಡಿ, ಇಲ್ಲಾಂದ್ರೆ ಅವರ ಕಡೆ ಓಡಲ್ಲ. ಔಟ್‌ಪುಟ್ ಕೂಡ ಆ ಫೈಲ್ ಒಳಗೇ ಸೇವ್ ಆಗಿರುತ್ತೆ ಅನ್ನೋದು ನೆನಪಿರ್ಲಿ: ರೈತರ ಫೋನ್ ನಂಬರ್ ಇರೋ ಪಟ್ಟಿ ಏನಾದ್ರೂ ತೆರೆದು ನೋಡಿದ್ರೆ ಕಳ್ಸೋ ಮುಂಚೆ ಎಲ್ಲಾ ಔಟ್‌ಪುಟ್ ಕ್ಲಿಯರ್ ಮಾಡಿ, ಸಿಎಸ್‌ವಿಯಿಂದಲೂ ಆ ಕಾಲಮ್ ತೆಗೆದುಹಾಕಿ.