ರೊಟ್ಟಿ ಬಡಿದರೂ ಹೆಜ್ಜೆ ಏರೀತು!

ಹುಬ್ಬಳ್ಳಿಯ ಉಣಕಲ್ ಕೆರೆಯ ದಂಡೆಯಲ್ಲಿ ಬೆಳಿಗ್ಗೆ ನಡೆಯುವವರ ಅರ್ಧ ಗಮನ ಈಗ ಮಣಿಕಟ್ಟಿನ ಮೇಲಿರುತ್ತದೆ. ಅಲ್ಲಿ ಹೆಜ್ಜೆ ಎಣಿಸುವ ವಾಚು ತೋರುವ ಸಂಖ್ಯೆಯನ್ನು ನಂಬುವ ಮೊದಲು ತಿಳಿದಿರಲಿ: ಆ ಯಂತ್ರ ನಿಮ್ಮ ಕಾಲನ್ನು ನೋಡುವುದಿಲ್ಲ, ಮೈಯ ಕುಲುಕಾಟವನ್ನಷ್ಟೇ ಅಳೆಯುತ್ತದೆ.

ಸೊಂಟಕ್ಕೆ ಸಿಕ್ಕಿಸುತ್ತಿದ್ದ ಹಳೆಯ ಯಂತ್ರಗಳಲ್ಲಿ ಸ್ಪ್ರಿಂಗಿಗೆ ಜೋಡಿಸಿದ ಪುಟ್ಟ ತೂಕವೊಂದು ಹೆಜ್ಜೆ ಹೆಜ್ಜೆಗೂ ಆಡಿ ಅಂಕಿ ಏರಿಸುತ್ತಿತ್ತು. ಇಂದಿನ ಮೊಬೈಲ್, ವಾಚುಗಳಲ್ಲಿ ಆ ಕೆಲಸ ಆಕ್ಸೆಲೆರೋಮೀಟರ್ ಎಂಬ ಚಿಪ್‌ನದು. ಅದು ಮೂರು ದಿಕ್ಕಿನ ಅಲುಗಾಟವನ್ನು ಅಳೆಯುತ್ತದೆ. ಲಯಬದ್ಧವಾಗಿ ಬರುವ ಏರಿಳಿತಗಳನ್ನು ತಂತ್ರಾಂಶ ಹೆಜ್ಜೆ ಎಂದು ಎಣಿಸುತ್ತದೆ. ಹೀಗಾಗಿ ವಾಚು ಕಟ್ಟಿದ ಕೈಯಿಂದ ಜೋಳದ ರೊಟ್ಟಿ ಬಡಿದರೆ ನಿಂತಲ್ಲೇ ಹೆಜ್ಜೆ ಏರಬಹುದು. ಎರಡೂ ಕೈಯಲ್ಲಿ ಸಂತೆಯ ಚೀಲ ಹಿಡಿದು ಬಂದರೆ ನಡೆದದ್ದೂ ಲೆಕ್ಕ ತಪ್ಪಬಹುದು. ಕಾಲೆಳೆದು ನಿಧಾನವಾಗಿ ನಡೆಯುವ ಹಿರಿಯರಿಗೆ ಅನ್ಯಾಯ ಇನ್ನೂ ಹೆಚ್ಚು.

ಮೊದಲು, ಹೆಚ್ಚು ಕೆಲಸ ಮಾಡದ ಕೈಗೆ ವಾಚು ಕಟ್ಟಿ, ಯಾವ ಕೈ ಎಂಬುದನ್ನು ಆ್ಯಪ್‌ನಲ್ಲಿ ನಮೂದಿಸಿ. ಮೊಬೈಲ್ ಆದರೆ ಪ್ಯಾಂಟಿನ ಜೇಬು ಒಳ್ಳೆಯದು. ಮೇಜಿನ ಮೇಲೆ ಬಿಟ್ಟು ಹೋದ ಮೊಬೈಲ್ ಏನನ್ನೂ ಎಣಿಸದು.

ಬಳಿಕ ಪರೀಕ್ಷಿಸಿ. ಬಾಯಲ್ಲಿ ಎಣಿಸುತ್ತ 100 ಹೆಜ್ಜೆ ನಡೆಯಿರಿ. ಯಂತ್ರ 95ರಿಂದ 105ರೊಳಗೆ ತೋರಿದರೆ ದಿನಬಳಕೆಗೆ ಸಾಕು. ಹಲವು ಯಂತ್ರಗಳು ಕೆಲವು ಹೆಜ್ಜೆ ಸತತವಾಗಿ ಬಿದ್ದ ಮೇಲಷ್ಟೇ ಎಣಿಕೆ ತೋರಿಸುವುದರಿಂದ ಅಡುಗೆಮನೆಯೊಳಗೆ ನಾಲ್ಕು ಹೆಜ್ಜೆ ಹಾಕಿ ದೂರಬೇಡಿ.

ದೂರದ ಲೆಕ್ಕವೂ ಬೇಕೆಂದರೆ ಹೆಜ್ಜೆಯ ಉದ್ದ ಕೊಡಬೇಕು. 400 ಮೀಟರ್ ಓಟದ ಟ್ರ್ಯಾಕ್‌ನ ಒಳಗಿನ ಲೇನಿನಲ್ಲಿ ಒಂದು ಸುತ್ತು ಹಾಕಿ. 600 ಹೆಜ್ಜೆಯಾದರೆ ಒಂದು ಹೆಜ್ಜೆ ಸುಮಾರು 67 ಸೆಂಟಿಮೀಟರ್. ಜಿಪಿಎಸ್ ಇರುವ ವಾಚಿಗೆ ಈ ಉಸಾಬರಿ ಸಾಮಾನ್ಯವಾಗಿ ಬೇಕಿಲ್ಲ.

ಇನ್ನು ಎಲ್ಲರ ಬಾಯಲ್ಲಿರುವ ‘ದಿನಕ್ಕೆ 10,000 ಹೆಜ್ಜೆ’ಯ ಗುರಿ. ಇದು ಯಾವ ವೈದ್ಯರ ಚೀಟಿಯಿಂದಲೂ ಬಂದದ್ದಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ‘ಮಾನ್ಪೋ-ಕೇ’ ಯಂತ್ರದ ಹೆಸರಿನಿಂದಲೇ ಅದು ಜನಪ್ರಿಯವಾಯಿತು. ‘ಹತ್ತು ಸಾವಿರ ಹೆಜ್ಜೆಯ ಮಾಪಕ’ ಎಂದು ಅದರರ್ಥ. ಅಮೆರಿಕದ ವಯಸ್ಸಾದ ಮಹಿಳೆಯರ ಕುರಿತು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತೀರ ಕಡಿಮೆ ನಡೆಯುವವರಿಗೆ ಹೋಲಿಸಿದರೆ ದಿನಕ್ಕೆ ಸುಮಾರು 4,400 ಹೆಜ್ಜೆ ಹಾಕುವವರಲ್ಲೇ ಸಾವಿನ ಪ್ರಮಾಣ ತಗ್ಗಿತ್ತು. ಸುಮಾರು 7,500ರ ನಂತರ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಮೊದಲ ವಾರ ಎಂದಿನಂತೆ ಓಡಾಡಿ, ದಿನದ ಸರಾಸರಿ ಬರೆದಿಡಿ. ಅದರ ಮೇಲೆ ಐನೂರು ಹೆಜ್ಜೆ ಏರಿಸುವುದು ಹುಬ್ಬಳ್ಳಿಯ ಬಿಸಿಲಿನಲ್ಲೂ ಸಾಧ್ಯ.

ನೃಪತುಂಗ ಬೆಟ್ಟ ಹತ್ತುವವರಿಗೆ ಬೇರೆ ಮಾತು: ಹೆಜ್ಜೆಯ ಎಣಿಕೆಯಲ್ಲಿ ಏರೂ ಒಂದೇ, ಸಮತಟ್ಟೂ ಒಂದೇ. ಏರಿದ ಎತ್ತರ ಗೊತ್ತಾಗಬೇಕಿದ್ದರೆ ವಾಯುಭಾರ ಅಳೆಯುವ ಸೆನ್ಸರ್ ಇರುವ ವಾಚನ್ನೇ ಕೇಳಿ ಕೊಳ್ಳಿ.