ದಸರಾ ಕಳೆದ ಮೇಲೆ ಗುಲಾಬಿಗೆ ಕತ್ತರಿ: ನನ್ನ ಅನುಭವ

ಗುಲಾಬಿ ಬೆಳೆಸುವವರು ಗೊಬ್ಬರದ ಬಗ್ಗೆ ತುಂಬಾ ಕೇಳುತ್ತಾರೆ. ಟೀ ಚರಟ ಹಾಕಬಹುದಾ, ಬಾಳೆಹಣ್ಣಿನ ಸಿಪ್ಪೆ ಒಳ್ಳೆಯದಾ, ಯಾವ ಹಿಂಡಿ ತರಬೇಕು ಅಂತ. ಕತ್ತರಿಯ ಬಗ್ಗೆ ಕೇಳುವವರು ಕಡಿಮೆ. ಬೆಂಗಳೂರಿನ ನಮ್ಮ ಮನೆ ಅಂಗಳದಲ್ಲಿ ಗುಲಾಬಿ ನೋಡಿಕೊಂಡು ಬಂದ ಮೇಲೆ ನನಗೆ ಖಾತ್ರಿಯಾಗಿರುವುದು ಇಷ್ಟು: ವರ್ಷಕ್ಕೊಮ್ಮೆ ಚೆನ್ನಾಗಿ ಸವರಿದ ಗಿಡ ಗೊಬ್ಬರ ಸ್ವಲ್ಪ ಕಡಿಮೆಯಾದರೂ ಹೂವು ಕೊಡುತ್ತದೆ. ಸವರದೆ ಬಿಟ್ಟ ಗಿಡಕ್ಕೆ ಏನು ಸುರಿದರೂ ಉದ್ದುದ್ದ ಕಡ್ಡಿ, ತುದಿಯಲ್ಲೊಂದು ಬಡಕಲು ಹೂವು.

ನಾನು ಸವರುವುದು ದಸರಾ ಮುಗಿದ ಮೇಲೆ, ಅಕ್ಟೋಬರ್ ಕೊನೆಯ ಹೊತ್ತಿಗೆ. ಆಗಲೂ ಬೆಂಗಳೂರಲ್ಲಿ ಮಳೆ ಇದ್ದೇ ಇರುತ್ತದೆ, ಅದಕ್ಕೆ ನಾಲ್ಕು ದಿನ ಬಿಸಿಲು ಕಾಣುವ ಬಿಡುವು ನೋಡಿಕೊಳ್ಳುತ್ತೇನೆ. ಚಳಿ ದೇಶಗಳಲ್ಲಿ ಗುಲಾಬಿ ಎಲೆ ಉದುರಿಸಿ ಮಲಗಿಬಿಡುತ್ತದೆ, ಅಲ್ಲಿ ಚಳಿಗಾಲದ ಕೊನೆಗೆ ಸವರುತ್ತಾರೆ. ನಮ್ಮಲ್ಲಿ ಗಿಡ ಮಲಗುವುದೇ ಇಲ್ಲ. ವರ್ಷವಿಡೀ ಚಿಗುರಿ ಚಿಗುರಿ ಸುಸ್ತಾಗಿರುತ್ತದೆ. ಅದಕ್ಕೆ ವಿಶ್ರಾಂತಿ ಕೊಡುವುದು ಕತ್ತರಿಯೇ. ಸವರಿದ ಆರೇಳು ವಾರಕ್ಕೆ ಹೂವು ಶುರುವಾಗುತ್ತದೆ, ಅಂದರೆ ಡಿಸೆಂಬರ್ ಚಳಿಗೆ. ತಂಪಿನಲ್ಲಿ ಮೊಗ್ಗು ನಿಧಾನವಾಗಿ ಬಿಡುತ್ತದೆ, ಹೂವು ದೊಡ್ಡದಾಗುತ್ತದೆ, ಬಣ್ಣ ಗಾಢವಾಗಿರುತ್ತದೆ, ಗಿಡದ ಮೇಲೆ ಜಾಸ್ತಿ ದಿನ ನಿಲ್ಲುತ್ತದೆ. ಏಪ್ರಿಲ್‌ನಲ್ಲಿ ಅದೇ ಗಿಡದ ಹೂವು ಬೆಳಿಗ್ಗೆ ಅರಳಿ ಸಂಜೆಗೆ ಬಾಡುತ್ತದೆ.

ಸವರುವ ಮೊದಲು ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸುತ್ತೇನೆ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗಲೂ ಒರೆಸಬೇಕು. ಮೊದಲು ಒಣಗಿದ್ದೆಲ್ಲ ಹೋಗಲಿ. ಆಮೇಲೆ ಒಳಮುಖವಾಗಿ ಬೆಳೆದದ್ದು, ಒಂದಕ್ಕೊಂದು ಉಜ್ಜುತ್ತಿರುವುದು, ಪೆನ್ಸಿಲ್‌ಗಿಂತ ಸಣ್ಣಗಿರುವುದು. ಕೊನೆಗೆ ನಾಲ್ಕೈದು ಗಟ್ಟಿ ಕಡ್ಡಿ ಉಳಿಯಬೇಕು, ನಡುವೆ ಗಾಳಿ ಬೆಳಕು ಆಡಬೇಕು. ಹೈಬ್ರಿಡ್ ಟೀ, ಅಂದರೆ ಉದ್ದ ಕಡ್ಡಿಯ ತುದಿಯಲ್ಲಿ ಒಂದೊಂದೇ ದೊಡ್ಡ ಹೂವು ಬಿಡುವ ಗುಲಾಬಿ ಗಿಡಗಳನ್ನು ನಾನು ಮಂಡಿ ಎತ್ತರಕ್ಕೆ, ಸುಮಾರು ಒಂದೂವರೆ ಅಡಿಗೆ ಇಳಿಸುತ್ತೇನೆ. ನೋಡಿದವರು "ಅಯ್ಯೋ, ಇಷ್ಟೊಂದಾ!" ಅನ್ನುತ್ತಾರೆ. ಹೌದು, ಇಷ್ಟೇ ಬೇಕು.

ಎಲ್ಲಿ ಕತ್ತರಿಸಬೇಕು ಅನ್ನುವುದು ಮುಖ್ಯ. ಕಡ್ಡಿಯನ್ನು ಹತ್ತಿರದಿಂದ ನೋಡಿ. ಎಲೆ ಉದುರಿದ ಗೆರೆಯ ಮೇಲೆ ಎಳ್ಳಿನಷ್ಟು ಕೆಂಪಗೆ ಉಬ್ಬಿರುತ್ತದೆ. ಅದೇ ಕಣ್ಣು. ಗಿಡದ ಹೊರಗಡೆ ಮುಖ ಮಾಡಿರುವ ಕಣ್ಣು ಆರಿಸಿ, ಅದರ ಕಾಲು ಇಂಚು ಮೇಲೆ ಓರೆಯಾಗಿ ಕತ್ತರಿಸಬೇಕು. ನೀರು ಕಣ್ಣಿನ ಮೇಲೆ ಹರಿಯದೆ ಆ ಕಡೆಗೆ ಜಾರುವ ಹಾಗೆ ಓರೆ ಇರಲಿ. ತುಂಬಾ ಮೇಲೆ ಕತ್ತರಿಸಿದರೆ ಉಳಿದ ಮೋಟು ಒಣಗಿ ಕೆಳಗಿಳಿಯುತ್ತದೆ. ಈಗ ಕತ್ತರಿಸಿದ ಜಾಗ ನೋಡಿ. ನಡುವಿನ ಬೆಂಡು ಬೆಳ್ಳಗಿದ್ದರೆ ಕಡ್ಡಿ ಆರೋಗ್ಯವಾಗಿದೆ. ಕಂದು ಬಣ್ಣವಿದ್ದರೆ ಒಣಗು ರೋಗ ಒಳಗೆ ಇಳಿದಿದೆ. ಬಿಳಿ ಸಿಗುವವರೆಗೂ ಒಂದೊಂದೇ ಕಣ್ಣು ಕೆಳಗೆ ಹೋಗುತ್ತೇನೆ, ಕನಿಕರ ತೋರಿಸುವುದಿಲ್ಲ. ಗಾಯಕ್ಕೆ ಬೋರ್ಡೋ ಪೇಸ್ಟ್ (ಮೈಲುತುತ್ತ, ಸುಣ್ಣ ಸೇರಿಸಿದ ಲೇಪ) ಬಳಿಯುತ್ತೇನೆ.

ಪನ್ನೀರು ಗುಲಾಬಿ, ಬಟನ್ ಗುಲಾಬಿಗೆ ಇಷ್ಟು ಕಠಿಣ ಬೇಡ, ಮೇಲಿನ ಮೂರನೇ ಒಂದು ಭಾಗ ತೆಗೆದರೆ ಸಾಕು. ಬಳ್ಳಿ ಗುಲಾಬಿಯ ಉದ್ದ ಕಡ್ಡಿಗಳನ್ನು ಕಡಿಯುವ ಬದಲು ಅಡ್ಡಲಾಗಿ ಬಾಗಿಸಿ ಕಟ್ಟಿ. ಕಣ್ಣು ಕಣ್ಣಿನಲ್ಲೂ ಚಿಗುರು ಎದ್ದು ಹೂವು ಬರುತ್ತದೆ.

ಸವರುವಾಗ ಬುಡವನ್ನೂ ನೋಡಿ. ನರ್ಸರಿಯವರು ಕಾಡು ಗುಲಾಬಿಯ ಬೇರುಗಿಡಕ್ಕೆ ನಮ್ಮ ಗುಲಾಬಿಯನ್ನು ಕೂಡಿಸಿದ ಜಾಗವೇ ಕಸಿ ಗಂಟು. ಅದರ ಕೆಳಗಿಂದ ರಭಸವಾಗಿ ಎದ್ದ ಕಡ್ಡಿ ಇದ್ದರೆ ಅದು ಬೇರುಗಿಡದ್ದು, ನಮ್ಮ ಗುಲಾಬಿಯದ್ದಲ್ಲ. ಒಂದೇ ತೊಟ್ಟಿನಲ್ಲಿ ಏಳೆಲೆ ಇದ್ದರೆ ಕಾಡು ಅಂತ ಹೇಳುತ್ತಾರೆ. ಅದನ್ನು ನಂಬಿ ಕೀಳಬೇಡಿ, ಒಳ್ಳೆಯ ಜಾತಿಯಲ್ಲೂ ಏಳೆಲೆ ಬರುತ್ತದೆ. ಎಲ್ಲಿಂದ ಹುಟ್ಟಿದೆ ಅನ್ನುವುದೇ ಸಾಕ್ಷಿ. ಮಣ್ಣು ಬಿಡಿಸಿ ಹುಟ್ಟಿದ ಜಾಗದಿಂದಲೇ ಕಿತ್ತು ತೆಗೆಯಬೇಕು. ಮೇಲಿಂದ ಕತ್ತರಿಸಿದರೆ ಒಂದರ ಜಾಗದಲ್ಲಿ ಮೂರು ಏಳುತ್ತವೆ.

ಗೊಬ್ಬರ ಹಾಕುವುದು ಕಣ್ಣು ಉಬ್ಬಲು ಶುರುವಾದ ಮೇಲೆ. ಬುಡದಿಂದ ಒಂದು ಗೇಣು ಬಿಟ್ಟು ಸುತ್ತ ಮಣ್ಣು ಸಡಿಲ ಮಾಡಿ, ಕಳಿತ ಸಗಣಿ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ, ಸ್ವಲ್ಪ ಮೂಳೆ ಪುಡಿ. ನಮ್ಮದು ಬೋರ್‌ವೆಲ್ ನೀರು, ಗಡಸು. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದರೆ ಅದು ಕಬ್ಬಿಣದ ಕೊರತೆ. ಮಣ್ಣಲ್ಲಿ ಕಬ್ಬಿಣ ಇದ್ದರೂ ಕ್ಷಾರದ ನೀರಿನಿಂದಾಗಿ ಗಿಡಕ್ಕೆ ಸಿಗುವುದಿಲ್ಲ. ಮಳೆ ನೀರು ಹಿಡಿದಿಟ್ಟು ಹಾಕುವುದು ಇದಕ್ಕೆ ನನ್ನ ಮೊದಲ ಮದ್ದು.

ನೀರು ಬೆಳಿಗ್ಗೆಯೇ, ಬುಡಕ್ಕೇ. ಎಲೆ ಒಂದೇ ಸಮನೆ ಏಳು ತಾಸು ಒದ್ದೆಯಾಗಿದ್ದರೆ ಕಪ್ಪು ಚುಕ್ಕೆ ರೋಗದ ಶಿಲೀಂಧ್ರಕ್ಕೆ ಅಷ್ಟೇ ಸಾಕು. ಸಂಜೆ ಪೈಪಿನಲ್ಲಿ ಗಿಡಕ್ಕೆ ಸ್ನಾನ ಮಾಡಿಸಿದರೆ ಎಲೆ ರಾತ್ರಿಯೆಲ್ಲ ಒಣಗುವುದಿಲ್ಲ. ಉದುರಿದ ಚುಕ್ಕೆ ಎಲೆಗಳನ್ನು ಗೊಬ್ಬರದ ಗುಂಡಿಗೂ ಹಾಕಬೇಡಿ. ಡಿಸೆಂಬರ್‌ನಲ್ಲಿ ಎಲೆ ಮೇಲೆ ಬಿಳಿ ಪುಡಿ ಚೆಲ್ಲಿದಂತೆ ಕಾಣುವ ಬೂದಿ ರೋಗ ಬಂದರೆ ನೀರಲ್ಲಿ ಕರಗುವ ಗಂಧಕ, ಲೀಟರಿಗೆ 2 ಗ್ರಾಂ. ಬಿಸಿಲು ಏರಿದಾಗ ಗಂಧಕ ಹೊಡೆದರೆ ಎಲೆ ಸುಡುತ್ತದೆ. ಪನ್ನೀರು ಗುಲಾಬಿಗೆ ಮಾತ್ರ ನಾನು ಏನನ್ನೂ ಹೊಡೆಯುವುದಿಲ್ಲ. ಅದರ ದಳ ಮನೆಯ ಗುಲ್ಕನ್‌ಗೆ ಹೋಗುತ್ತದೆ.

ಬಿಸಿಲು ಕನಿಷ್ಠ ಐದಾರು ಗಂಟೆ ಬೇಕು. ಡಬಲ್ ಡಿಲೈಟ್ ಸಾಕಿದವರಿಗೆ ಇದು ಕಣ್ಣಿಗೇ ಕಾಣುತ್ತದೆ. ಅಮೆರಿಕದಲ್ಲಿ 1977ರಲ್ಲಿ ಬಿಡುಗಡೆಯಾದ ಈ ತಳಿಯ ಕೆನೆ ಬಣ್ಣದ ದಳದ ಅಂಚಿಗೆ ಕೆಂಪು ಏರುವುದು ಬಿಸಿಲಿನಿಂದಲೇ. ನೆರಳಲ್ಲಿ ಬಿಟ್ಟ ಹೂವು ಪೇಲವವಾಗಿರುತ್ತದೆ.

ಫೆಬ್ರವರಿ ಕಳೆಯುತ್ತಲೇ ಥ್ರಿಪ್ಸ್ ಕಾಟ. ಮೊಗ್ಗಿನ ಅಂಚು ಸುಟ್ಟಂತಾಗಿ ಅರಳದೆ ನಿಂತರೆ, ಅದನ್ನು ಬಿಳಿ ಹಾಳೆಯ ಮೇಲೆ ಕೊಡವಿ ನೋಡಿ. ಕೂದಲಿನ ಚೂರಿನಂಥ ಸಣ್ಣ ಹುಳುಗಳು ಓಡಾಡುತ್ತವೆ. ಅಂಥ ಮೊಗ್ಗನ್ನೆಲ್ಲ ಕಿತ್ತು ಕವರಿನಲ್ಲಿ ಕಟ್ಟಿ ಎಸೆಯುತ್ತೇನೆ. ಲೀಟರಿಗೆ 5 ಮಿಲಿ ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ನೀರು ಬೆರೆಸಿ ಬಿಸಿಲಿಳಿದ ಮೇಲೆ ಸಿಂಪಡಿಸುತ್ತೇನೆ. ಆದರೆ ಗಂಧಕ ಹೊಡೆದು ಎರಡು ವಾರ ಆಗದೆ ಎಣ್ಣೆ ಮುಟ್ಟಬಾರದು, ಎರಡೂ ಸೇರಿದರೆ ಗಿಡಕ್ಕೆ ವಿಷ.

ಸವರಿದ ಕಡ್ಡಿಗಳಲ್ಲಿ ಪನ್ನೀರು ಗುಲಾಬಿಯದ್ದನ್ನು ಎಸೆಯಬೇಡಿ, ಮಣ್ಣಿಗೆ ಚುಚ್ಚಿದರೆ ಸುಲಭವಾಗಿ ಬೇರು ಬಿಡುತ್ತದೆ. ಹೈಬ್ರಿಡ್ ಟೀ ಕಡ್ಡಿ ಬೇರು ಬಿಟ್ಟರೂ ಗಿಡ ಸೊರಗಿರುತ್ತದೆ, ಹಾಗಾಗಿ ನಾನು ಕಸಿ ಗಿಡವನ್ನೇ ತರುತ್ತೇನೆ. ನರ್ಸರಿಯಲ್ಲಿ ಹೂವು ತುಂಬಿದ ಗಿಡಕ್ಕಿಂತ, ಕಸಿ ಗಂಟಿನ ಮೇಲಿಂದ ಎರಡು ಮೂರು ದಪ್ಪ ಕಡ್ಡಿ ಎದ್ದಿರುವ ಗಿಡ ಆರಿಸಿಕೊಳ್ಳಿ. ನೆಡುವಾಗ ಆ ಗಂಟು ಮಣ್ಣಿನ ಮೇಲೇ ಇರಲಿ.